ಕೊಡಗಿಗೆ ಒಬ್ಬರೇ ಹೊರಟರೆ

ಮಡಿಕೇರಿಯಲ್ಲಿ ಇಳಿದು, ಟ್ಯಾಕ್ಸಿ ಮಾಡಿಕೊಂಡು ಅಬ್ಬಿ, ರಾಜಾಸೀಟು, ದುಬಾರೆ ಎಂದು ಒಂದೇ ದಿನದಲ್ಲಿ ಸುತ್ತಿ ಮುಗಿಸುವುದು ನಾಲ್ಕು ಜನರ ಗುಂಪಿಗೆ ಸರಿ. ಒಬ್ಬರೇ ಹೋಗುವವರಿಗೆ ಅದು ದುಬಾರಿ, ಬೇಸರ ಕೂಡ. ಅದರ ಬದಲು ಕೊಡಗಿನ ಒಂದು ಮೂಲೆ ಆರಿಸಿಕೊಂಡು ಅಲ್ಲೇ ಎರಡು ಮೂರು ರಾತ್ರಿ ಉಳಿಯಿರಿ. ಓಡಾಟಕ್ಕೆ ಊರಿನವರು ಹತ್ತುವ ಬಸ್ಸನ್ನೇ ಹತ್ತಿ.

ಜಿಲ್ಲೆಯಲ್ಲಿ ರೈಲಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಮಡಿಕೇರಿಗೆ ಬಸ್ಸಿನಲ್ಲಿ ಆರು ಗಂಟೆಯ ಹಾದಿ. ಮೈಸೂರಿನ ತನಕ ರೈಲಿನಲ್ಲಿ ಬಂದರೆ ಅಲ್ಲಿಂದ ಹುಣಸೂರು, ಕುಶಾಲನಗರದ ಮೇಲೆ ಇನ್ನು ಮೂರು ಗಂಟೆ. ದಕ್ಷಿಣ ಕೊಡಗು ನೋಡುವವರು ಮಡಿಕೇರಿಗೆ ಬರಲೇಬೇಕೆಂದಿಲ್ಲ, ಗೋಣಿಕೊಪ್ಪ, ವಿರಾಜಪೇಟೆಗೆ ಮೈಸೂರಿನಿಂದ ನೇರ ಬಸ್ಸುಗಳಿವೆ.

ಒಳನಾಡಿಗೆ ಹೋಗಲು ಬಹುಪಾಲು ಖಾಸಗಿ ಬಸ್ಸೇ ಗತಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದಂತೆ ಮಾಡಿದ, 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಇದಕ್ಕೆ ಅನ್ವಯಿಸುವುದಿಲ್ಲ, ಹಾಗಾಗಿ ಹೆಂಗಸರೂ ಚಿಲ್ಲರೆ ಇಟ್ಟುಕೊಂಡಿರಬೇಕು. ಬಸ್ಸು ಹತ್ತಿದ ಕೂಡಲೇ ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಿ, ಬರೆದಿಟ್ಟುಕೊಳ್ಳಿ. ಸಂಜೆ ಊರು ಸೇರಿ ಅಲ್ಲೇ ತಂಗಿ ಬೆಳಿಗ್ಗೆ ಹೊರಡುವ ಹಾಲ್ಟ್ ಬಸ್ಸು ಎಲ್ಲಾದರೂ ಇದ್ದರೆ ಅದು ಒಂಟಿ ಪ್ರಯಾಣಿಕನ ಪಾಲಿನ ಭಾಗ್ಯ. ಈ ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಪತ್ರಿಕೆ ಕಟ್ಟು, ಯಾರದೋ ಮನೆಯ ಔಷಧಿ, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲ ಕೂತಿರುತ್ತವೆ; ಅವು ಇಳಿಯುವ ಗೇಟು ಬಂದಾಗ ಬಸ್ಸು ನಿಲ್ಲುತ್ತದೆ. ನೀವೂ ಹಾಗೆಯೇ ಇಳಿಯಬೇಕಾದವರು. ಹೋಂಸ್ಟೇಯ ಬೋರ್ಡಿನ ಹೆಸರು ಹೇಳಿದರೆ ಕಂಡಕ್ಟರ್ ತಲೆ ಕೆರೆದುಕೊಂಡಾರು. ಮನೆಯವರ ಮನೆತನದ ಹೆಸರು, ಇಳಿಯುವ ಸ್ಟಾಪು ಎರಡನ್ನೂ ಮೊದಲೇ ಫೋನಿನಲ್ಲಿ ಕೇಳಿಟ್ಟುಕೊಳ್ಳಿ. ತೋಟದೊಳಗೆ ಸಿಗ್ನಲ್ ಕೈಕೊಟ್ಟರೆ ಮ್ಯಾಪನ್ನು ನಂಬುವ ಹಾಗಿಲ್ಲ.

ಹೋಂಸ್ಟೇಗೆ ಫೋನು ಮಾಡುವಾಗಲೇ ಒಬ್ಬರೇ ಬರುತ್ತಿದ್ದೇನೆ ಎಂದು ಹೇಳಿಬಿಡಿ. ಕೆಲವರು ತಲೆಗೆ ಇಷ್ಟು ಎನ್ನುತ್ತಾರೆ, ಕೆಲವರು ಇಡೀ ಕೋಣೆಯ ಬಾಡಿಗೆ ಕೇಳುತ್ತಾರೆ, ಇನ್ನು ಕೆಲವರಿಗೆ ಒಂಟಿ ಅತಿಥಿಯೇ ಬೇಡ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಮನೆಯೇ ಎಂದು ವಿಚಾರಿಸಿಕೊಳ್ಳಿ. ಮನೆಯವರೇ ವಾಸವಿರುವ ಕಡೆ ಉಳಿಯುವುದು ಲೇಸು. ಮೇಲ್ವಿಚಾರಕನೊಬ್ಬನ ಕೈಗೆ ಕೀಲಿ ಕೊಟ್ಟುಹೋದ ಬಂಗಲೆಯಲ್ಲಿ ಒಬ್ಬರೇ ಇರುವುದಾದರೆ ಊರಿನ ಲಾಡ್ಜೇ ಮೇಲು.

ಮೊದಲ ಸಲ ಹೋಗುವವರಿಗೆ ನನ್ನ ಆಯ್ಕೆ ಕಕ್ಕಬ್ಬೆ. ಮಡಿಕೇರಿಯಿಂದ ನಾಪೋಕ್ಲು ಮೇಲೆ ಬರಬಹುದು, ವಿರಾಜಪೇಟೆ ಕಡೆಯಿಂದಲೂ ಬರಬಹುದು. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆ ಇಲ್ಲಿದೆ. ಅರಮನೆ ಎಂದ ಮಾತ್ರಕ್ಕೆ ಮೈಸೂರಿನದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಇದು ಎರಡಂತಸ್ತಿನ ಮನೆ, ಎದುರಿಗೊಂದು ಪುಟ್ಟ ಮಂಟಪ. 1834ರಲ್ಲಿ ಇಂಗ್ಲಿಷರು ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡದ್ದು ಇಲ್ಲಿಗೇ. ಸುತ್ತಲಿನ ಬೆಟ್ಟ ನೋಡಿದರೆ ಯಾಕೆ ಎಂದು ಗೊತ್ತಾಗುತ್ತದೆ. ಅರಮನೆಯ ಹತ್ತಿರದಿಂದಲೇ 1,748 ಮೀಟರ್ ಎತ್ತರದ ತಡಿಯಂಡಮೋಳ್‌ಗೆ ಏರುವ ದಾರಿ. ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟವಿಲ್ಲ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ನೋಡಿಕೊಂಡು, ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡು, ಬೆಳಿಗ್ಗೆಯೇ ಹತ್ತಿ. ಕೊನೆಯ ಏರು ಕಡಿದಾಗಿದೆ, ಮಂಜು ಕವಿದರೆ ಕಾಲುದಾರಿ ಕಾಣಿಸದು. ಒಬ್ಬರೇ ಇರುವಾಗ ಅಲ್ಲಿಂದಲೇ ಇಳಿದುಬಿಡುವುದರಲ್ಲಿ ಅವಮಾನವೇನಿಲ್ಲ. ಮರುದಿನಕ್ಕೆ ಮಳೆ ಬೆಳೆಯ ದೇವರೆಂದು ಕೊಡವರು ನಂಬುವ ಪಾಡಿ ಇಗ್ಗುತ್ತಪ್ಪನ ಗುಡಿ ಇದೆ.

ಕೊಡಗಿನಲ್ಲಿ ನಿಜವಾದ ಅಪಾಯ ಆನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಕಾಫಿ ತೋಟದಲ್ಲೇ ಆನೆಗಳು ಬೀಡುಬಿಟ್ಟಿರುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳಲೇಬೇಡಿ. ಬೆಳಕು ಹರಿಯುವ ಮುಂಚೆ, ಸಂಜೆ ಐದೂವರೆಯ ಮೇಲೆ ತೋಟದ ದಾರಿಯಲ್ಲಿ ನಡೆಯಬೇಡಿ. “ಅತ್ತ ಆನೆ ಉಂಟು” ಎಂದು ತೋಟದ ಕೆಲಸದವರು ಹೇಳಿದರೆ ಮರುಮಾತಿಲ್ಲದೆ ತಿರುಗಿ ಬನ್ನಿ. ದೇವರಕಾಡು ಎದುರಾದರೂ ಅಷ್ಟೇ. ಅಂಥವು ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು. ಊರಿನವರನ್ನು ಕೇಳದೆ ಒಳಗೆ ಕಾಲಿಡುವಂತಿಲ್ಲ.

ಊಟದ ವಿಷಯದಲ್ಲಿ ಒಂಟಿತನ ಲಾಭವೇ, ಮನೆಯವರ ಜೊತೆಗೇ ಎಲೆ ಹಾಕುತ್ತಾರೆ. ಕಡಂಬುಟ್ಟು, ಪಂದಿಕರಿ ಎಲ್ಲರಿಗೂ ಗೊತ್ತು. ಮಾಂಸ ತಿನ್ನದವರು ನೂಪುಟ್ಟು, ಪಾಪುಟ್ಟು ಕೇಳಿ, ಮಳೆಗಾಲವಾದರೆ ಕಣಿಲೆಯ ಬೈಂಬಳೆ ಕರಿ ಕೇಳಿ. ಅಡುಗೆಗೆ ಹಾಕುವ ಕಪ್ಪಗಿನ ಹುಳಿರಸ ಕಾಚಂಪುಳಿಯ ಬಾಟಲಿ ಮನೆಗೆ ತರಬಹುದು, ವರ್ಷಗಟ್ಟಲೆ ಕೆಡುವುದಿಲ್ಲ.

ಯಾವಾಗ ಹೋಗಬೇಕು? ಡಿಸೆಂಬರಿನಿಂದ ಫೆಬ್ರವರಿ ಕಾಫಿ ಕುಯ್ಲಿನ ಕಾಲ, ಕಣದ ತುಂಬ ಹಣ್ಣು ಹರಡಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಮುಗಿದೂ ಹೋಗುತ್ತದೆ. ತಾರೀಕು ಗೊತ್ತುಮಾಡಿಕೊಂಡು ಹೋಗಿ ನೋಡುವಂಥದ್ದಲ್ಲ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದೇ ಬೇಕೆಂದರೆ ಹೋಗಿ. ಜೂನ್‌ನಿಂದ ಆಗಸ್ಟ್ ಒಬ್ಬರೇ ಹೋಗುವವರಿಗಲ್ಲ. ಇಂಬಳವನ್ನು ಉಪ್ಪು, ಹೊಗೆಸೊಪ್ಪು ಹಾಕಿ ಬಿಡಿಸಬಹುದು. ಗುಡ್ಡ ಜರಿದರೆ ಏನೂ ಮಾಡಲಾಗದು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಹಳ್ಳಿಗಳು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕಂಡದ್ದು ಅದನ್ನೇ. ಆ ದಿನಗಳಲ್ಲಿ ಹೋಗಲೇಬೇಕಾದರೆ ಜಿಲ್ಲಾಡಳಿತದ ಸೂಚನೆ ಓದಿ ಹೊರಡಿ, ಹಿಂತಿರುಗಲು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.