ನೋವಿನ ಗುಳಿಗೆ: ಉಪಯೋಗ ಮತ್ತು ಅಪಾಯ

ನೋವನ್ನು ಬಯಸುವವರು ಲೋಕದಲ್ಲಿ ಯಾರೂ ಇಲ್ಲ. ಆದರೆ ನೋವು ಬಂದಾಗ ನುಂಗುವ ಗುಳಿಗೆಯಲ್ಲಿ ಏನಿದೆಯೆಂದು ವಿಚಾರಿಸುವವರು ವಿರಳ. ಹಾಗೆ ವಿಚಾರಿಸದವರಲ್ಲಿ ನಾನೂ ಒಬ್ಬನಾಗಿದ್ದೆ.

ನಮ್ಮೂರು ಕಾಯ್ಕಿಣಿ. ಕಳೆದ ಮಳೆಗಾಲದಲ್ಲಿ ಅಪ್ಪಯ್ಯ ತೆಂಗಿನ ಮರದಿಂದ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ವೈದ್ಯರು 5 ದಿನಗಳ ಗುಳಿಗೆ ಬರೆದುಕೊಟ್ಟರು. ಎರಡನೆಯ ದಿನವೇ ಅಪ್ಪಯ್ಯ ಗೋಡೆ ಹಿಡಿದು ಎದ್ದು ನಿಂತರು. ಐದು ದಿನ ಮುಗಿದ ಮೇಲೆ, "ಮಗಾ, ಅದೇ ಗುಳಿಗೆ ಇನ್ನೊಂದ್ಸಲ ತಕಂಡು ಬಾ" ಎಂದರು. ಹಳೆಯ ಚೀಟಿ ತೋರಿಸಿ ತಂದವನು ನಾನೇ. ಹೀಗೆ 2 ತಿಂಗಳು ನಡೆಯಿತು. ಪೆಟ್ಟು ವಾಸಿಯಾಗಿತ್ತು, ಆದರೆ ಗುಳಿಗೆ ತಪ್ಪಿದ ದಿನ ಬೆವರು, ನಡುಕ, ರಾತ್ರಿಯಿಡೀ ನಿದ್ರೆಯಿಲ್ಲ. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಗುಳಿಗೆಯ ಹೊದಿಕೆಯನ್ನು ನಾನು ಓದಿದ್ದು ಆಮೇಲೆ.

ಅದರ ಮೇಲೆ ಎರಡು ಹೆಸರುಗಳಿದ್ದವು: ಟ್ರಾಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ಎರಡನೆಯದು ಜ್ವರಕ್ಕೆ ನಾವೆಲ್ಲ ನುಂಗುವಂಥದು. ಮೊದಲನೆಯದು ಅಫೀಮಿನ ಗುಣವುಳ್ಳ ಕೃತಕ ಔಷಧ. ನಾವು ಪಾಯಸಕ್ಕೆ ಹಾಕುವ ಗಸಗಸೆ ಯಾವ ಗಿಡದ ಬೀಜವೋ, ಆ ಗಿಡದ ಹಸಿಕಾಯಿಯ ಹಾಲೇ ಅಫೀಮು. ಮಾರ್ಫಿನ್ ಮತ್ತು ಕೋಡೀನ್ ಅಫೀಮಿನಲ್ಲಿಯೇ ಇರುವ ವಸ್ತುಗಳು. ಈ ವರ್ಗದ ಔಷಧಗಳು ಮೆದುಳು, ಬೆನ್ನುಹುರಿಗಳಲ್ಲಿ ನೋವಿನ ಸಂವೇದನೆಯನ್ನು ತಗ್ಗಿಸುತ್ತವೆ. ಬೇರೆ ಬೇರೆ ರೀತಿಯಲ್ಲಿ ನೋವನ್ನು ತಡೆಯುವ ಎರಡು ಔಷಧಗಳನ್ನು ಕೂಡಿಸಿದರೆ, ಒಂದೊಂದೂ ಕಡಿಮೆ ಪ್ರಮಾಣದಲ್ಲಿ ಸಾಕಾಗುತ್ತದೆ. ಇದೇ ಸಂಯುಕ್ತ ಗುಳಿಗೆಯ ತತ್ತ್ವ. ಶಸ್ತ್ರಚಿಕಿತ್ಸೆಯ ನಂತರದ ತೀವ್ರ ನೋವಿಗೆ ಇಂಥ ಗುಳಿಗೆ ಕೆಲವು ದಿನಗಳ ಮಟ್ಟಿಗೆ ಉಪಕಾರಿ. ಕ್ಯಾನ್ಸರ್ ರೋಗಿಗಳಿಗಂತೂ ಮಾರ್ಫಿನ್ ದೊಡ್ಡ ಆಸರೆ. ಆದ್ದರಿಂದ ಇವನ್ನು ವಿಷವೆಂದು ಜರೆಯುವುದು ಅವಿವೇಕ.

ಅಪಾಯವೂ ಎರಡು ಬಗೆಯದು. ಟ್ರಾಮಡಾಲಿನಿಂದ ತೂಕಡಿಕೆ, ಮಲಬದ್ಧತೆ ಬರಬಹುದು. ಕೆಲವರಿಗೆ ಅಪಸ್ಮಾರದಂತೆ ಸೆಳವೂ ಬರುವುದುಂಟು. ದಿನ ಕಳೆದಂತೆ ಶರೀರ ಅದಕ್ಕೆ ಒಗ್ಗಿ, ಅದಿಲ್ಲದೆ ಇರಲಾರದಂತಾಗುತ್ತದೆ. ಮದ್ಯ ಅಥವಾ ನಿದ್ರೆಯ ಗುಳಿಗೆಯೊಡನೆ ಸೇರಿದರೆ ಉಸಿರಾಟವೇ ನಿಧಾನವಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಬೋಟಿಗೆ ಹೋಗುವವರು, ವಾಹನ ನಡೆಸುವವರು ಇದನ್ನು ಲಕ್ಷ್ಯದಲ್ಲಿಡಬೇಕು.

ಇನ್ನೊಂದು ಅಪಾಯ ಲೆಕ್ಕದ್ದು. ವಯಸ್ಕರಿಗೆ ಪ್ಯಾರಾಸಿಟಮಾಲಿನ ಮಿತಿ ದಿನಕ್ಕೆ 4 ಗ್ರಾಂ. ಇಂಥ 8 ಗುಳಿಗೆಗಳಲ್ಲಿ 2600 ಮಿಲಿಗ್ರಾಂ ಇರುತ್ತದೆ. ಅದರ ಮೇಲೆ ಜ್ವರಕ್ಕೆಂದು 650ರ ಗುಳಿಗೆ 3 ಸಲ ನುಂಗಿದರೆ ಒಟ್ಟು 4550 ಆಯಿತು. ಮಿತಿ ದಾಟಿದರೆ ಯಕೃತ್ತು ಕೆಡುತ್ತದೆ. ಹೆಸರು ಬೇರೆಯಾದ ಮಾತ್ರಕ್ಕೆ ಔಷಧವೂ ಬೇರೆಯೆಂದು ತಿಳಿಯಬಾರದು.

ಸರಕಾರವೂ ಸುಮ್ಮನಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಪಟ್ಟಿಯಲ್ಲಿ ಟ್ರಾಮಡಾಲ್ ಸೇರಿದೆ. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾದಿಡಬೇಕು. 2018ರಲ್ಲಿ ಟ್ರಾಮಡಾಲನ್ನು 1985ರ ಮಾದಕ ವಸ್ತು ಕಾಯಿದೆಯ ಕೆಳಗೂ ತರಲಾಯಿತು. 2025ರ ಫೆಬ್ರುವರಿಯಲ್ಲಿ ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರಡಾಲ್ ಕೂಡಿದ ಗುಳಿಗೆಯ ತಯಾರಿಕೆ ಮತ್ತು ರಫ್ತಿಗೆ ಕೊಟ್ಟಿದ್ದ ಅನುಮತಿ ರದ್ದಾಯಿತು. ಹೀಗಿರುವಾಗ ಹಳೆಯ ಚೀಟಿಗೆ ಗುಳಿಗೆ ಸಿಕ್ಕಿತೆಂದು ಹಿಗ್ಗಿದ ನನ್ನ ಬುದ್ಧಿಗೆ ಏನೆನ್ನಲಿ?

ಒಗ್ಗಿದ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಲೂ ಬಾರದು. ನಾವು ಮರಳಿ ವೈದ್ಯರ ಬಳಿಗೆ ಹೋದೆವು. ಅವರು ಬಯ್ಯಲಿಲ್ಲ, ವಾರವಾರಕ್ಕೂ ಪ್ರಮಾಣ ಇಳಿಸುತ್ತ ಬಂದು ಕೊನೆಗೆ ಬಿಡಿಸಿದರು. ಈಗ ಅಪ್ಪಯ್ಯ ತೋಟಕ್ಕೆ ಹೋಗುತ್ತಾರೆ. ಮರ ಮಾತ್ರ ಹತ್ತುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಅನೇಕರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಔಷಧದ ಚೀಟಿ ಮನೆಗೆ ಬಂದಾಗ ಹಿರಿಯರು ಅದನ್ನು ನಮ್ಮ ಕೈಗೇ ಕೊಡುತ್ತಾರೆ. ಎಷ್ಟು ದಿನ, ದಿನಕ್ಕೆ ಎಷ್ಟು, ಒಳಗೆ ಏನೇನಿದೆ ಎಂಬ ಮೂರನ್ನು ಓದಿ ಅವರಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳೋಣ. ಉಳಿದ ಗುಳಿಗೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳೋಣ. ನಾವು ಕಲಿತ ನಾಲ್ಕು ಅಕ್ಷರ ಮನೆಯವರಿಗೆ ಇಷ್ಟಾದರೂ ಉಪಯೋಗಕ್ಕೆ ಬರಲಿ.