ಒಂದೇ ಊರು, ಒಂದೇ ಮನೆ: ಗ್ವಾಟೆಮಾಲದಲ್ಲಿ ಸ್ಪ್ಯಾನಿಷ್ ಕಲಿಯುವವರಿಗೆ ಕೆಲವು ಸೂತ್ರಗಳು

ಸ್ಪ್ಯಾನಿಷ್ ಕಲಿಯಲು ಹೊರಟವರು ಮೊದಲು ಮ್ಯಾಡ್ರಿಡ್, ಬಾರ್ಸಿಲೋನಾಗಳ ಖರ್ಚು ಲೆಕ್ಕ ಹಾಕುತ್ತಾರೆ. ಬಹಳ ಜನರ ಕಲಿಕೆ ಆ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಮಧ್ಯ ಅಮೆರಿಕದ ಗ್ವಾಟೆಮಾಲದಲ್ಲಿ ದಶಕಗಳಿಂದ ಬೇರೊಂದು ಪದ್ಧತಿ ನಡೆದುಬಂದಿದೆ. ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಮೇಷ್ಟ್ರು. ದಿನಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಐದು ದಿನ ಪಾಠ. ಉಳಿದ ಹೊತ್ತು ಊರಿನ ಒಂದು ಕುಟುಂಬದ ಮನೆಯಲ್ಲಿ ವಾಸ, ಅವರ ಜೊತೆಯಲ್ಲೇ ಊಟ. ಹಣವನ್ನು ವಾರದ ಲೆಕ್ಕದಲ್ಲಿ ಕಟ್ಟಿದರಾಯಿತು. ಇಲ್ಲಿ ಭಾಷೆ ಬೇಗ ಬರುತ್ತದೆ, ಕೊಟ್ಟ ಹಣವೂ ಊರಿನಲ್ಲೇ ಉಳಿಯುತ್ತದೆ. ಆದರೆ ಎರಡೂ ತಾವಾಗಿಯೇ ಆಗುವುದಿಲ್ಲ.

1. ಒಂದೇ ಸಲ ಹೋಗಿ, ಹೆಚ್ಚು ದಿನ ಇರಿ. ಬೆಂಗಳೂರಿನಿಂದ ಗ್ವಾಟೆಮಾಲ 16,000 ಕಿಲೋಮೀಟರಿಗೂ ಹೆಚ್ಚು ದೂರ. ಇಡೀ ಪ್ರವಾಸದಲ್ಲಿ ನೀವು ಪರಿಸರದ ಮೇಲೆ ಹೊರಿಸುವ ಅತಿ ದೊಡ್ಡ ಹೊರೆ ಆ ವಿಮಾನದ್ದೇ. ಅಲ್ಲಿ ಹೋಗಿ ಬಿದಿರಿನ ಬ್ರಷ್‌ನಲ್ಲಿ ಹಲ್ಲುಜ್ಜಿದರೆ ಅದು ತೀರುವುದಿಲ್ಲ. ಎರಡು ವಾರಕ್ಕೆಂದು ಹಾರುವುದಾದರೆ ಹೋಗಲೇಬೇಡಿ. ರಜೆ ಕೂಡಿಹಾಕಿ ಎರಡು ತಿಂಗಳು ಇರಿ. ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕೂ ದೇಶಗಳ ನಡುವೆ ಒಪ್ಪಂದವೊಂದಿದ್ದು, ಪ್ರವಾಸಿಗೆ ಸಿಗುವ 90 ದಿನಗಳ ಅವಧಿ ನಾಲ್ಕಕ್ಕೂ ಸೇರಿ ಲೆಕ್ಕಕ್ಕೆ ಬರುತ್ತದೆ. ಪಕ್ಕದ ದೇಶಕ್ಕೆ ಹೋಗಿಬಂದರೆ ದಿನ ಹೊಸದಾಗಿ ಶುರುವಾಗುತ್ತದೆ ಎಂದುಕೊಳ್ಳಬೇಡಿ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ತೆಗೆಯುವ ಮುನ್ನ ದೆಹಲಿಯಲ್ಲಿರುವ ಗ್ವಾಟೆಮಾಲದ ರಾಯಭಾರ ಕಚೇರಿಯನ್ನೇ ಕೇಳಿ, ಏಜೆಂಟರನ್ನಲ್ಲ.

2. ಚಂದದ ಊರಿಗಿಂತ ಇಂಗ್ಲಿಷ್ ಕಡಿಮೆ ಇರುವ ಊರು ಮೇಲು. ಹೆಚ್ಚಿನವರು ಇಳಿಯುವುದು ಆಂತಿಗ್ವಾದಲ್ಲಿ. 1773ರ ಭೂಕಂಪದಲ್ಲಿ ನಲುಗಿ ರಾಜಧಾನಿಯ ಪಟ್ಟ ಕಳೆದುಕೊಂಡ ಊರದು. 1979ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕಲ್ಲುಹಾಸಿನ ಬೀದಿ, ಹಿಂದೆ ಜ್ವಾಲಾಮುಖಿ, ಬೇಸಿಗೆಯಲ್ಲಿ ಬೆಂಗಳೂರಿನ ಹಾಗೆಯೇ ನೇರಳೆ ಜಕರಂಡ. ನೋಡಲು ಎರಡು ಕಣ್ಣು ಸಾಲದು. ಕಾಫಿ ಅಂಗಡಿಯಲ್ಲಿ ಮಾತ್ರ ನೀವು ಸ್ಪ್ಯಾನಿಷ್‌ನಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ ಬರುತ್ತದೆ. ಅತಿತ್ಲಾನ್ ಸರೋವರದ ದಡದ ಸಾನ್ ಪೆದ್ರೊ ಅಗ್ಗ, ಆದರೆ ಬೆನ್ನಿಗೆ ಚೀಲ ಹೊತ್ತ ಪ್ರವಾಸಿಗಳ ಗುಂಪು ಅಲ್ಲೂ ದೊಡ್ಡದು. ನನ್ನ ಓಟು ಕೆತ್ಸಾಲ್ತೆನಾಂಗೊಗೆ. ಊರವರ ಬಾಯಲ್ಲಿ ಅದು ಬರಿಯ ಶೆಲಾ. 2,300 ಮೀಟರಿಗೂ ಎತ್ತರದಲ್ಲಿದೆ, ರಾತ್ರಿ ಚಳಿ ಕೊರೆಯುತ್ತದೆ, ಪೋಸ್ಟ್‌ಕಾರ್ಡಿಗೆ ಹಾಕುವಂಥ ಬೀದಿಗಳು ಕಡಿಮೆ. ಜನ ತಮ್ಮ ಕೆಲಸದಲ್ಲಿ ತಾವಿರುತ್ತಾರೆ, ನಿಮಗಾಗಿ ಭಾಷೆ ಬದಲಿಸುವುದಿಲ್ಲ. ಕಲಿಯುವವನಿಗೆ ಬೇಕಾದದ್ದು ಅದೇ. ಸ್ವೆಟರ್ ಮರೆಯಬೇಡಿ.

3. ಮೊದಲ ಮೆಟ್ಟಿಲು ಮನೆಯಲ್ಲೇ ಹತ್ತಿ. ಅಂಕಿ, ವಾರಗಳ ಹೆಸರು, ವರ್ತಮಾನಕಾಲದ ಕ್ರಿಯಾಪದ ಕಲಿಯಲು ಸಾಗರ ದಾಟಬೇಕಿಲ್ಲ. ಆರಂಭಿಕ ಎ1 ಹಂತ ಮುಗಿಸಿಕೊಂಡು ಹೋದರೆ ಅಲ್ಲಿನ ಮೊದಲ ವಾರಗಳು ವ್ಯರ್ಥವಾಗುವುದಿಲ್ಲ. ಕನ್ನಡದವರಿಗೆ ಕೆಲವು ವಿಷಯ ಸಲೀಸು. ತ, ದ, ಪ, ಕ ನಾವು ಹೇಳುವ ಹಾಗೆಯೇ. ಕ್ರಿಯಾಪದದ ತುದಿಯೇ ಕರ್ತೃ ಯಾರೆಂದು ಹೇಳಿಬಿಡುವುದರಿಂದ ‘ನಾನು’, ‘ನೀನು’ ಬಿಟ್ಟರೂ ನಡೆಯುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ವಾರಗಟ್ಟಲೆ ಒದ್ದಾಡುವ ‘ಮೆ ಗುಸ್ತಾ ಎಲ್ ಕಫೆ’ ನಮ್ಮ ‘ನನಗೆ ಕಾಫಿ ಇಷ್ಟ’ದ ಅಚ್ಚಿನಲ್ಲೇ ಇದೆ. ಆದ್ದರಿಂದ ಇಂಗ್ಲಿಷ್ ಮೂಲಕ ಅನುವಾದಿಸಿಕೊಳ್ಳುವ ಚಟ ಬಿಡಿ. ಕಾಡುವುದು ಲಿಂಗ. ಮೇಜು ಅಲ್ಲಿ ಹೆಣ್ಣು, ಪುಸ್ತಕ ಗಂಡು. ನಿರ್ಜೀವ ವಸ್ತುಗಳನ್ನೆಲ್ಲ ನಪುಂಸಕಕ್ಕೆ ತಳ್ಳಿ ಬೆಳೆದ ನಮಗೆ ಇದಕ್ಕೆ ಉರು ಹೊಡೆಯುವುದೊಂದೇ ದಾರಿ.

4. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ನಾನು ಕೊಡುವುದರಲ್ಲಿ ಮನೆಯವರಿಗೆ ಎಷ್ಟು? ಮೇಷ್ಟ್ರಿಗೆ ಎಷ್ಟು? ಆ ಮನೆಯಲ್ಲಿ ಒಂದೇ ಹೊತ್ತಿಗೆ ಎಷ್ಟು ವಿದ್ಯಾರ್ಥಿಗಳಿರುತ್ತಾರೆ? ಮೊದಲೆರಡಕ್ಕೆ ನೇರ ಅಂಕಿ ಕೊಡುವ ಶಾಲೆಗಳಿವೆ. ಮೇಷ್ಟ್ರುಗಳೇ ಸೇರಿ ಸಹಕಾರಿ ಪದ್ಧತಿಯಲ್ಲಿ ನಡೆಸುವ ಶಾಲೆಗಳೂ ಇವೆ. ‘ಸಮುದಾಯಕ್ಕೆ ನೆರವಾಗುತ್ತೇವೆ’ ಎಂಬ ಸವಿಮಾತಿನಲ್ಲಿ ತೇಲಿಸುವವರನ್ನು ಬಿಟ್ಟುಬಿಡಿ. ಮೂರನೆಯದು ನಿಮ್ಮ ಸ್ವಾರ್ಥದ ಪ್ರಶ್ನೆ. ಅದೇ ಮನೆಯಲ್ಲಿ ಇನ್ನೂ ನಾಲ್ವರು ವಿದೇಶಿಯರಿದ್ದರೆ ಊಟದ ಮೇಜಿನಲ್ಲಿ ನಡೆಯುವುದು ಇಂಗ್ಲಿಷ್ ಹರಟೆಯೇ. ಮಧ್ಯವರ್ತಿ ಜಾಲತಾಣಗಳ ಮೂಲಕ ಕಾದಿರಿಸುವ ಬದಲು ಶಾಲೆಗೇ ಬರೆದರೆ ಕಮಿಷನ್ ಉಳಿಯುತ್ತದೆ. ಮೊದಲು ಒಂದೇ ವಾರಕ್ಕೆ ಕಟ್ಟಿ, ಹೊಂದಿದರೆ ಮುಂದುವರಿಸಿ.

5. ಕೊಡಗಿನ ಹೋಂಸ್ಟೇ ಮನಸ್ಸಿನಿಂದ ತೆಗೆದುಹಾಕಿ. ನಮ್ಮಲ್ಲಿ ಹೋಂಸ್ಟೇ ಎಂದರೆ ತೋಟದ ನಡುವೆ ಪ್ರತ್ಯೇಕ ಕೋಣೆ, ಕರೆದರೆ ಬರುವ ಕಾಫಿ. ಅಲ್ಲಿ ಸಿಗುವುದು ಮಗ ಓದಲು ಹೋಗಿ ಖಾಲಿಯಾದ ಒಂದು ಕೋಣೆ, ಮನೆಯವರೊಂದಿಗೆ ಹಂಚಿಕೊಳ್ಳುವ ಬಚ್ಚಲು. ಬಿಸಿನೀರು ಷವರ್ ತಲೆಗೇ ಕೂರಿಸಿದ ವಿದ್ಯುತ್ ಹೀಟರಿನಿಂದ ಬರುತ್ತದೆ. ನಲ್ಲಿ ಪೂರ್ತಿ ತಿರುಗಿಸಿದರೆ ತಣ್ಣೀರು, ಸಣ್ಣಗೆ ಬಿಟ್ಟರೆ ಬಿಸಿ. ನೀರೂ ಉಳಿಯಿತು. ಒದ್ದೆ ಕೈಯಲ್ಲಿ ಆ ಷವರನ್ನು ಮುಟ್ಟಬೇಡಿ. ಕಾಗದ ಕಮೋಡಿಗಲ್ಲ, ಪಕ್ಕದ ಬುಟ್ಟಿಗೆ. ನಲ್ಲಿ ನೀರು ಕುಡಿಯುವುದಿಲ್ಲ, ದೊಡ್ಡ ಕ್ಯಾನಿನ ನೀರನ್ನು ಬಾಟಲಿಗೆ ತುಂಬಿಕೊಳ್ಳಿ. ಅದನ್ನು ‘ಆಗ್ವಾ ಪೂರಾ’ ಎಂದೇ ಕೇಳಿ. ಬರೀ ‘ಆಗ್ವಾ’ ಎಂದರೆ ಅಂಗಡಿಯವನು ತಂಪುಪಾನೀಯದ ಬಾಟಲಿ ಮುಂದಿಟ್ಟಾನು. ರಾತ್ರಿ ತಡವಾಗುವುದಾದರೆ, ಊಟಕ್ಕೆ ಬರುವುದಿಲ್ಲವಾದರೆ ಬೆಳಿಗ್ಗೆಯೇ ಹೇಳಿ.

6. ಅಡುಗೆಮನೆ ಬಿಡಬೇಡಿ. ನಿಜವಾದ ತರಗತಿ ಇದು. ಶಾಲೆಯಲ್ಲಿ ನಿಮ್ಮ ತಪ್ಪು ತಿದ್ದುವವರಿಗೆ ಸಂಬಳವಿದೆ, ತಾಳ್ಮೆ ಅವರ ಉದ್ಯೋಗ. ಮನೆಯೊಡತಿಗೆ ಅಂಥ ಹಂಗಿಲ್ಲ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ, ಅಷ್ಟೆ. ಹಾಗಾಗಿ ಅವರಿಗೆ ಅರ್ಥವಾಗುವಂತೆ ಮಾತಾಡಲೇಬೇಕಾಗುತ್ತದೆ.

ತೊರ್ತಿಯಾದಿಂದ ಶುರು ಮಾಡಿ. ಮೆಕ್ಕೆಜೋಳವನ್ನು ಸುಣ್ಣ ಹಾಕಿದ ನೀರಿನಲ್ಲಿ ಬೇಯಿಸಿ, ತೊಳೆದು, ಅರೆದು, ಅಂಗೈಯಲ್ಲಿ ತಟ್ಟಿ, ಹೆಂಚಿನ ಮೇಲೆ ಹಾಕುತ್ತಾರೆ. ಆ ತಟ್ಟುವ ಸದ್ದು ಕೇಳಿದರೆ ಉತ್ತರ ಕರ್ನಾಟಕದವರಿಗೆ ರೊಟ್ಟಿ ಬಡಿಯುವ ಮನೆ ನೆನಪಾಗದೆ ಇರದು. ‘ಹೇಗೆ ಮಾಡುತ್ತೀರಿ?’ ಎಂದು ಕೇಳಿದರೆ ಕೊಸೆರ್ (ಬೇಯಿಸು), ಲಾವಾರ್ (ತೊಳೆ), ಮೊಲೆರ್ (ಅರೆ) ಎಂದು ಕ್ರಿಯಾಪದಗಳು ಸಾಲಾಗಿ ಬರುತ್ತವೆ, ಪ್ರತಿಯೊಂದನ್ನೂ ಕೈ ಮಾಡಿ ತೋರಿಸುತ್ತದೆ. ಹೀಗೆ ಕಲಿತದ್ದು ಮರೆಯುವುದಿಲ್ಲ. ಅಜ್ಜಿ ಇದ್ದರಂತೂ ನಿಮ್ಮ ಅದೃಷ್ಟ. ‘ನೀವು ಚಿಕ್ಕವರಿದ್ದಾಗ ಈ ಊರು ಹೇಗಿತ್ತು?’ ಎಂಬ ಒಂದು ಪ್ರಶ್ನೆ ಸಾಕು. ‘ಮಾಡುತ್ತಿದ್ದೆವು, ಹೋಗುತ್ತಿದ್ದೆವು’ ಎಂಬ ರೂಢಿಯ ಭೂತಕಾಲ ಒಂದು ಸಂಜೆಯಲ್ಲಿ ಕಿವಿಗೆ ಇಳಿಯುತ್ತದೆ. ವ್ಯಾಕರಣ ಪುಸ್ತಕ ಅದನ್ನೇ ಕೋಷ್ಟಕ ಹಾಕಿ ಕೊಲ್ಲುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಈ ದೇಶ 1960ರಿಂದ 1996ರವರೆಗೆ ಅಂತರ್ಯುದ್ಧದಲ್ಲಿ ಬೆಂದಿದೆ, ಮಾಯಾ ಹಳ್ಳಿಗಳೇ ಹೆಚ್ಚು ಬೆಂದವು. ಆ ಕಾಲವನ್ನು ನೀವಾಗಿ ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿ, ಆಗ ವ್ಯಾಕರಣ ಗಮನಿಸುತ್ತ ಕೂರಬೇಡಿ.

ಊಟ ಮುಗಿಸಿ ಎದ್ದು ಹೋಗುವಾಗ ‘ಗ್ರಾಸಿಯಾಸ್’ (ಧನ್ಯವಾದ) ಎನ್ನಿ, ಉಳಿದವರು ‘ಬ್ವೆನ್ ಪ್ರೊವೆಚೊ’ ಎನ್ನುತ್ತಾರೆ. ಉಂಡು ಸುಮ್ಮನೆ ಎದ್ದುಹೋಗುವುದು ಅಲ್ಲಿ ಒರಟುತನ.

7. ಸಸ್ಯಾಹಾರಿಗಳು ವಿವರವಾಗಿ ಹೇಳಿ. ‘ಕಾರ್ನೆ (ಮಾಂಸ) ತಿನ್ನುವುದಿಲ್ಲ’ ಎಂದರೆ ದನದ ಮಾಂಸ ಬೇಡವೆಂದು ತಿಳಿದು ಕೋಳಿ ಬಡಿಸುತ್ತಾರೆ. ‘ನೊ ಕೋಮೊ ಕಾರ್ನೆ, ನಿ ಪೊಯ್ಯೊ, ನಿ ಪೆಸ್ಕಾದೊ’ ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಹೆಸರಿಸಿ. ಕೋಳಿ ಸಾರಿನಲ್ಲಿ ಬೇಯಿಸಿದ ಅನ್ನ, ಹಂದಿಕೊಬ್ಬು ಹಾಕಿದ ಕಪ್ಪು ಬೀನ್ಸ್ ಬೇಡವಾದರೆ ಅದನ್ನೂ ಶಾಲೆಯ ಅರ್ಜಿಯಲ್ಲೇ ಬರೆಯಿರಿ, ಬಡಿಸಿದ ಮೇಲೆ ಮುಖ ಸಿಂಡರಿಸಬೇಡಿ. ಬೀನ್ಸ್ ಕಾಳು, ಮೊಟ್ಟೆ, ಚೀಸ್, ಕರಿದ ಬಾಳೆ, ಆವಕಾಡೊ ದಿನವೂ ಇರುತ್ತವೆ. ‘ಗ್ವಿಸ್ಕಿಲ್’ ಎಂದು ಬಡಿಸಿದ ಪಲ್ಯವನ್ನು ನೋಡಿದರೆ ನಮ್ಮ ಸೀಮೆಬದನೆ! ಅದರ ತವರೇ ಆ ಕಡೆ.

8. ‘ನೀವು’ ಎನ್ನಿ. ‘ನೀನು’ ಎನ್ನಲು ಪುಸ್ತಕ ‘ತು’ ಕಲಿಸುತ್ತದೆ, ಗೆಳೆಯರು ‘ವೋಸ್’ ಎನ್ನುತ್ತಾರೆ. ಹಿರಿಯರಿಗೆ ‘ಉಸ್ತೆದ್’. ಮನೆಯೊಡತಿಯ ಹೆಸರಿನ ಮುಂದೆ ‘ದೋನ್ಯಾ’, ಯಜಮಾನರಿಗೆ ‘ದೋನ್’. ಏಕವಚನ, ಬಹುವಚನದ ಸೂಕ್ಷ್ಮ ತಿಳಿದವರಿಗೆ ಹೆಚ್ಚು ಹೇಳಬೇಕಿಲ್ಲ.

9. ಸ್ಪ್ಯಾನಿಷ್ ಆ ಮನೆಯವರಿಗೂ ಎರಡನೆಯ ಭಾಷೆಯಿರಬಹುದು. ಗ್ವಾಟೆಮಾಲದಲ್ಲಿ 22 ಮಾಯಾ ಭಾಷೆಗಳಿವೆ. ಶೆಲಾದ ಸುತ್ತ ಕಿಚೆ, ಸಾನ್ ಪೆದ್ರೊದಲ್ಲಿ ತ್ಸುತುಹಿಲ್. 1992ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಕಿಚೆ ಮಾಯಾ ಹೆಣ್ಣುಮಗಳು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡಿ, ಶಾಲೆಗೆ ಬಂದು ಕನ್ನಡ ಕಲಿತವರಿಗೆ ಈ ಪರಿಸ್ಥಿತಿ ವಿವರಿಸಬೇಕಿಲ್ಲ. ಕಲಿತು ಆಡುವವರ ಸ್ಪ್ಯಾನಿಷ್ ಹಲವು ಸಲ ನಿಧಾನ, ಸ್ಪಷ್ಟ. ಹೊಸಬರಿಗೆ ಅದು ವರ. ‘ಶುದ್ಧ ಸ್ಪ್ಯಾನಿಷ್ ಅಲ್ಲ’ ಎಂದು ಮೂಗು ಮುರಿಯುವವರ ಮಾತಿಗೆ ಕಿವಿಗೊಡಬೇಡಿ. ಮನೆಯವರ ಭಾಷೆಯಲ್ಲಿ ನಾಲ್ಕು ಮಾತು ಕಲಿತು ಆಡಿದರೆ ಆ ಮನೆಯಲ್ಲಿ ನಿಮ್ಮ ಸ್ಥಾನವೇ ಬದಲಾಗುತ್ತದೆ.

10. ಬಣ್ಣದ ಬಸ್ಸು ಹತ್ತಿ, ಹಗಲಲ್ಲಿ. ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಹೊತ್ತು ಸವೆದ ಬಸ್ಸುಗಳು ಇಲ್ಲಿ ಬಣ್ಣ ಬಳಿದುಕೊಂಡು ಎರಡನೆಯ ಜನ್ಮ ಪಡೆಯುತ್ತವೆ. ಸ್ಥಳೀಯರ ಬಾಯಲ್ಲಿ ಅವು ‘ಕಾಮಿಯೊನೆತಾ’. ಇಬ್ಬರ ಸೀಟಿನಲ್ಲಿ ಮೂವರು, ಬಾಗಿಲಲ್ಲಿ ಜೋತುಬಿದ್ದು ಊರ ಹೆಸರು ಕೂಗುವ ಹುಡುಗ. ಪ್ರವಾಸಿ ವ್ಯಾನಿಗಿಂತ ಅಗ್ಗ, ಮಾತಿಗೆ ಜನ ಧಾರಾಳ. ಕತ್ತಲಾದ ಮೇಲೆ ಮಾತ್ರ ಬೇಡ. ದರೋಡೆಯ ಭಯ ಸುಳ್ಳಲ್ಲ.

11. ಉಪಕಾರ ಮಾಡಲು ಆತುರಪಡಬೇಡಿ. ವಾರವೊಪ್ಪತ್ತು ಅನಾಥಾಲಯದಲ್ಲಿ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುವ ಸೇವೆಯಿಂದ ಆ ಮಕ್ಕಳಿಗೆ ಲಾಭವಿಲ್ಲ. ಹಚ್ಚಿಕೊಂಡವರು ಪದೇಪದೇ ಬಿಟ್ಟುಹೋಗುವುದನ್ನು ಅವು ಕಲಿಯುತ್ತವೆ. ಅದರ ಬದಲು ಸರಿಯಾದ ಬೆಲೆ ಕೊಟ್ಟು ಕೊಳ್ಳಿ. ಅತಿತ್ಲಾನ್ ಸರೋವರದ ದಡದ ಸಾನ್ ಹ್ವಾನ್‌ನಲ್ಲಿ ನೇಕಾರ ಹೆಂಗಸರ ಸಹಕಾರ ಸಂಘಗಳು ಗಿಡಮೂಲಿಕೆಯ ಬಣ್ಣದಲ್ಲಿ ಅದ್ದಿದ ನೂಲಿನಿಂದ ಬಟ್ಟೆ ನೇಯುತ್ತವೆ. ಸೊಂಟಕ್ಕೆ ಕಟ್ಟಿದ ಮಗ್ಗದಲ್ಲಿ ಎಷ್ಟು ದಿನ ಹಿಡಿಯಿತೆಂದು ಕೇಳಿದ ಮೇಲೆ ಚೌಕಾಸಿ ಮಾಡಲು ನಿಮಗೇ ಮನಸ್ಸು ಬಾರದು. ಪಕ್ಕದ ಸಾನ್ ಪೆದ್ರೊ 2016ರಲ್ಲೇ ಪ್ಲಾಸ್ಟಿಕ್ ಚೀಲ, ಸ್ಟ್ರಾಗಳನ್ನು ನಿಷೇಧಿಸಿದ ಊರು. ಕೈಚೀಲ ನೀವೇ ಒಯ್ಯಿರಿ.

12. ಫೋನಿಗೆ ವೇಳೆ ಗೊತ್ತುಮಾಡಿ. ಭಾರತಕ್ಕಿಂತ ಗ್ವಾಟೆಮಾಲ ಹನ್ನೊಂದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಊಟದ ಹೊತ್ತಿಗೆ ಇಲ್ಲಿ ಬೆಳಿಗ್ಗೆ, ಸರಿಯಾಗಿ ಅಮ್ಮನ ಕರೆ ಬರುವ ಸಮಯ. ಮೇಜಿನ ಹರಟೆ ನಡೆಯುವುದೂ ಆಗಲೇ. ಅಮ್ಮನಿಗೆ ಮೊದಲೇ ಹೇಳಿ, ಕರೆಯನ್ನು ಅಲ್ಲಿನ ಬೆಳಿಗ್ಗೆಗೆ ಒಯ್ಯಿರಿ.

13. ಸರ್ಟಿಫಿಕೇಟು ಬೇಕಿದ್ದರೆ ಈಗಲೇ ಯೋಚಿಸಿ. ಅಲ್ಲಿನ ಶಾಲೆ ಕೊಡುವ ಹಾಳೆಗೆ ನಮ್ಮ ಕಂಪನಿಗಳಲ್ಲಿ ಹೆಚ್ಚು ಬೆಲೆಯಿಲ್ಲ. ಕೆಲಸಕ್ಕೋ ಓದಿಗೋ ಬೇಕಾದರೆ ಡೆಲೆ (DELE) ಅಥವಾ ಸಿಯೆಲೆ (SIELE) ಎಂಬ ಸ್ಪ್ಯಾನಿಷ್ ಪರೀಕ್ಷೆ ಬರೆಯಬೇಕು. ಡೆಲೆ ಪ್ರಮಾಣಪತ್ರಕ್ಕೆ ಕಾಲಮಿತಿ ಇಲ್ಲ, ಸಿಯೆಲೆಯದು ಐದು ವರ್ಷಕ್ಕೆ ಮುಗಿಯುತ್ತದೆ. ಊರಿಗೆ ಮರಳಿದ ಒಂದೆರಡು ತಿಂಗಳಲ್ಲೇ ಪರೀಕ್ಷೆ ಬರುವಂತೆ ಪ್ರಯಾಣದ ದಿನ ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಅದೇ ಮೇಷ್ಟ್ರ ಹತ್ತಿರ ಆನ್‌ಲೈನ್ ಪಾಠ ಮುಂದುವರಿಸಿ, ಹಣವನ್ನು ಅವರಿಗೇ ಕಳಿಸಿ.