ಗಾಡಿಗೆ ಗಂಡು ಹುಡುಕುವ ಯಜಮಾನರು

ಪ್ರಶ್ನೆ: ನನಗೆ 62, ಯಜಮಾನರಿಗೆ 68. ಹಾಸನದ ಕಡೆಯವರು, ಕ್ಯಾಲಿಫೋರ್ನಿಯಾಕ್ಕೆ ಬಂದು ಮೂವತ್ತು ವರ್ಷ ದಾಟಿತು. 2017ರಲ್ಲಿ ಫ್ರೀಮಾಂಟಿನ ಮನೆ ಮಾರಿ, ಫೋರ್ಡ್ ಎಫ್-350 ಡೀಸೆಲ್ ಟ್ರಕ್ ಕೊಂಡು, ಅದರ ಬೆನ್ನ ಮೇಲೆ ಕ್ಯಾಂಪರ್ ಕೂರಿಸಿ ಊರೂರು ಅಲೆಯಲು ಹೊರಟೆವು. ಎಂಟು ವರ್ಷದಿಂದ ಅದೇ ನಮ್ಮ ಮನೆ. ಟ್ರಕ್ಕಿನ ಹಿಂದಿನ ತೊಟ್ಟಿ ತೆಗೆಸಿ ಅಲ್ಯೂಮಿನಿಯಂ ಹಾಸು ಹಾಕಿಸಿ, ಎರಡೂ ಬದಿ ಪೆಟ್ಟಿಗೆ ಕಟ್ಟಿಸಿದರು. ಸೋಲಾರ್, ಲಿಥಿಯಂ ಬ್ಯಾಟರಿ, ಮಿಕ್ಸಿ ತಡೆಯುವಂಥ ಇನ್ವರ್ಟರ್ ಎಲ್ಲ ಅವರೇ ಜೋಡಿಸಿದ್ದು. ನಾನು ಗಿಡ್ಡ ಅಂತ ಅಡುಗೆ ಕಟ್ಟೆಯನ್ನು ಮೂರು ಇಂಚು ತಗ್ಗಿಸಿದರು. ಊಟದ ಮೇಜಿನ ಒಂದು ಬದಿಯ ಬೆಂಚು ಕಿತ್ತು ಅಕ್ಕಿ ಬೇಳೆಗೆ ಅಲಮಾರು ಮಾಡಿದರು. ಒಲೆಯ ಪಕ್ಕ ಮಸಾಲೆ ಡಬ್ಬಿಗಳಿಗೆ ಒಂದು ಡ್ರಾಯರ್ ಇದೆ. ಎಂಥ ಹಳ್ಳಕೊಳ್ಳದ ರಸ್ತೆಯಲ್ಲೂ ಒಂದು ಡಬ್ಬಿ ಅಲ್ಲಾಡಿದ್ದಿಲ್ಲ, ಪ್ರತಿ ಡಬ್ಬಿಗೂ ಅಳತೆ ತೆಗೆದು ಗೂಡು ಕೊರೆದಿದ್ದಾರೆ.

ಈಗ ಅವರಿಗೆ ಗ್ಲಾಕೋಮಾ. ರಾತ್ರಿ ಗಾಡಿ ಓಡಿಸಬೇಡಿ ಎಂದಿದ್ದಾರೆ ಡಾಕ್ಟರು. ನನ್ನ ಮಂಡಿಗೆ ಮೇಲಿನ ಮಂಚ ಹತ್ತುವುದು ಆಗುತ್ತಿಲ್ಲ. ಮಗಳು ನಾರ್ತ್ ಕ್ಯಾರೊಲೈನಾಕ್ಕೆ ಬನ್ನಿ ಅನ್ನುತ್ತಾಳೆ. ಮಾರೋಣ ಎಂದು ಇಬ್ಬರೂ ಒಪ್ಪಿದೆವು. ಆದರೆ ಇವರು 1,25,000 ಡಾಲರಿಗೆ ಒಂದು ಸೆಂಟ್ ಕಡಿಮೆ ಮಾಡುವುದಿಲ್ಲ. ಟ್ರಕ್ 68,000, ಕ್ಯಾಂಪರ್ 46,000, ಮೇಲಿನ ಕೆಲಸಕ್ಕೆ 28,000 ಬಿದ್ದಿದೆ ಎಂದು ಲೆಕ್ಕ ಹೇಳುತ್ತಾರೆ. ಆರು ತಿಂಗಳಲ್ಲಿ ಒಂಬತ್ತು ಜನ ನೋಡಿಕೊಂಡು ಹೋದರು. ಆರೆಗನ್ನಿನ ದಂಪತಿ 74,000 ಕೊಡುತ್ತೇವೆ ಎಂದರು. ಆ ಹೆಂಗಸು ಮಸಾಲೆ ಡ್ರಾಯರ್ ಎಳೆದು ನೋಡಿ, ಇದನ್ನು ಕಿತ್ತರೆ ಕಾಫಿ ಮೆಷಿನ್ ಕೂರುತ್ತದೆ ಅಂದಳು. ಇವರು ‘ಗಾಡಿ ಮಾರಾಟಕ್ಕಿಲ್ಲ’ ಎಂದು ಬಾಗಿಲು ಹಾಕಿಕೊಂಡರು. ಎರಡು ದಿನ ನಮ್ಮಿಬ್ಬರಲ್ಲಿ ಮಾತಿಲ್ಲ. ಏನು ಮಾಡಲಿ?
— ಹೆಸರು ಬೇಡ, ಅರಿಝೋನಾದಿಂದ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ನಗು ಬಂತು, ತಪ್ಪು ತಿಳಿಯಬೇಡಿ. ನಿಮ್ಮ ಯಜಮಾನರು ಗಾಡಿ ಮಾರುತ್ತಿಲ್ಲ, ಮಗಳಿಗೆ ಗಂಡು ಹುಡುಕುತ್ತಿದ್ದಾರೆ. ಬಂದವರು ಕೂತ ರೀತಿ ಸರಿಯಿಲ್ಲ, ಆಡಿದ ಮಾತು ಸರಿಯಿಲ್ಲ. ಒಂಬತ್ತು ಸಂಬಂಧ ತಿರುಗಿ ಹೋಗಿವೆ. ಹತ್ತನೆಯವರು ಒಂದೂಕಾಲು ಲಕ್ಷ ಎಣಿಸಿಕೊಟ್ಟರೂ ಏನಾದರೊಂದು ಕುಂದು ಕಂಡೀತು.

ಇನ್ನೊಂದು ಮಾತು ಹೇಳುತ್ತೇನೆ, ನೊಂದುಕೊಳ್ಳಬೇಡಿ. ಮಸಾಲೆ ಡ್ರಾಯರ್ ಬಗ್ಗೆ ಇಷ್ಟು ಬರೆದ ನೀವು ಮುಂದೆ ಇರಬೇಕಾದ ಊರಿನ ಬಗ್ಗೆ ಬರೆದದ್ದು ಒಂದೇ ಸಾಲು, ಅದೂ ಮಗಳ ಬಾಯಲ್ಲಿ. ಅಲ್ಲಿ ಬೇರೆ ಮನೆಯೋ, ಮಗಳ ಮನೆಯ ಮಹಡಿಯೋ, ಬಾಡಿಗೆಯೋ? ನೀವಿಬ್ಬರೂ ಅದನ್ನು ಮಾತಾಡಿಕೊಂಡ ಹಾಗೆ ಕಾಣುವುದಿಲ್ಲ. ಗಾಡಿ ಹೋದ ರಾತ್ರಿ ಎಲ್ಲಿ ಮಲಗುತ್ತೇವೆ ಎಂದು ಗೊತ್ತಿಲ್ಲದ ಮನುಷ್ಯ ಬೆಲೆ ಇಳಿಸುವುದಿಲ್ಲ. ಒಂದೂಕಾಲು ಲಕ್ಷ ಅನ್ನುವುದು ಅವರು ಸುತ್ತ ಹಾಕಿಕೊಂಡಿರುವ ಬೇಲಿ. ಆರೆಗನ್ನಿನವರು ಹಿಂತಿರುಗಿದಾಗ ನಿಮಗೂ ಒಳಗೊಳಗೆ ಒಂದಿಷ್ಟು ಹಾಯೆನಿಸಲಿಲ್ಲವೇ? ಹೌದಾದರೆ ಅದನ್ನು ಮೊದಲು ಅವರಿಗೆ ಹೇಳಿ. ‘ನಿಮ್ಮ ಹಟದಿಂದ ವ್ಯಾಪಾರ ಕೆಟ್ಟಿತು’ ಅನ್ನುವುದಕ್ಕಿಂತ ‘ನನಗೂ ಬಿಡಲು ಆಗುತ್ತಿಲ್ಲ’ ಎಂದರೆ ಆ ಎರಡು ದಿನದ ಮೌನ ಬೇಗ ಮುರಿಯುತ್ತದೆ.

ಇನ್ನು ದುಡ್ಡು. ಇಲ್ಲಿ ನಾನು ನಿಮ್ಮ ಯಜಮಾನರ ಪಕ್ಷದಲ್ಲಿ ಇಲ್ಲ. ಅವರು ಇಂಜಿನಿಯರ್ ಎಂದು ನನ್ನ ಊಹೆ, ಆದ್ದರಿಂದ ಈ ಭಾಗವನ್ನು ಅವರಿಗೆ ಓದಿ ಹೇಳಿ.

ಕೊಳ್ಳುವವರಲ್ಲಿ ಬಹಳ ಜನ ಸಾಲ ಮಾಡಿಯೇ ಕೊಳ್ಳುತ್ತಾರೆ. ಸಾಲ ಕೊಡುವ ಬ್ಯಾಂಕು ಗಾಡಿಯನ್ನು ಬಂದು ನೋಡುವುದಿಲ್ಲ, ಬೆಲೆಪಟ್ಟಿ ನೋಡುತ್ತದೆ. ಇಂಥ ವರ್ಷದ ಎಫ್-350, ಇಷ್ಟು ಮೈಲಿ ಓಡಿದೆ, ಬೆಲೆ ಇಷ್ಟು. ಇಂಥ ವರ್ಷದ ಕ್ಯಾಂಪರ್, ಬೆಲೆ ಇಷ್ಟು. ಮೂರು ಇಂಚು ತಗ್ಗಿಸಿದ ಕಟ್ಟೆಗೆ ಆ ಪಟ್ಟಿಯಲ್ಲಿ ಮನೆಯೇ ಇಲ್ಲ. ಕೊಳ್ಳುವವರಿಗೆ ನಿಮ್ಮ ಕೆಲಸ ಎಷ್ಟೇ ಹಿಡಿಸಿದರೂ ಅದರ ದುಡ್ಡನ್ನು ಕೈಯಿಂದ ಹಾಕಬೇಕು. ಹಾಗಾಗಿ 28,000ದ ಕೆಲಸವನ್ನು ಒಂದೇ ಮೊತ್ತವಾಗಿ ಹಿಡಿಯಬೇಡಿ, ಬಿಡಿಸಿ ನೋಡಿ. ಲಿಥಿಯಂ ಬ್ಯಾಟರಿ, ಸೋಲಾರ್, ಇನ್ವರ್ಟರ್ ಯಾರಿಗಾದರೂ ಬೇಕಾದವು. ಒಳ್ಳೆಯ ಲಿಥಿಯಂ ಬ್ಯಾಟರಿ ಸಾವಿರಾರು ಸಲ ಚಾರ್ಜ್ ಆಗಿ ಬರಿದಾಗಬಲ್ಲದು, ಎಂಟು ವರ್ಷಕ್ಕೆ ಸಾಯುವ ವಸ್ತುವಲ್ಲ. ಇವಕ್ಕೆ ಒಂದಷ್ಟು ಬೆಲೆ ಸಿಗುತ್ತದೆ. ತಗ್ಗಿಸಿದ ಕಟ್ಟೆಗೆ ಏನೂ ಸಿಗುವುದಿಲ್ಲ, ಆರಡಿಯ ಮನುಷ್ಯನಿಗೆ ಅದರಿಂದ ಬೆನ್ನುನೋವು. ಕಿತ್ತುಹಾಕಿದ ಬೆಂಚಿಗೆ ಸಿಗುವುದು ಸೊನ್ನೆಗಿಂತ ಕೆಳಗೆ. ಆ ಮೇಜು, ಎರಡು ಬೆಂಚು ಸೇರಿದರೆ ರಾತ್ರಿ ಇನ್ನೊಂದು ಹಾಸಿಗೆ ಆಗುತ್ತಿತ್ತು. ಈಗ ಆಗುವುದಿಲ್ಲ. ಚಿಕ್ಕ ಮಕ್ಕಳಿರುವ ಒಂದೊಂದು ಸಂಸಾರವೂ ನಿಮ್ಮ ಬಾಗಿಲಿನಿಂದಲೇ ಹಿಂದಕ್ಕೆ ಹೋಗುತ್ತದೆ. ಕಿತ್ತ ಬೆಂಚು ಎಲ್ಲಾದರೂ ಇಟ್ಟಿದ್ದೀರಾ? ಇದ್ದರೆ ಮತ್ತೆ ಕೂರಿಸಿ.

ನಿಮ್ಮ ಯಜಮಾನರ ಸ್ನೇಹಿತರು ಯಾರಾದರೂ 2021ರಲ್ಲಿ ಗಾಡಿಯನ್ನು ಕೊಂಡ ಬೆಲೆಗೇ ಮಾರಿರಬಹುದು. ಆ ಕತೆ ಕ್ಯಾಂಪ್‌ಗ್ರೌಂಡಿನಲ್ಲಿ ಇವತ್ತೂ ಓಡಾಡುತ್ತದೆ. ಅದು ಕೋವಿಡ್ ಕಾಲ. ಹೋಟೆಲು, ವಿಮಾನ ಬೇಡ ಎಂದು ಜನ ಮುಗಿಬಿದ್ದರು. ಆ ಒಂದೇ ವರ್ಷ ಅಮೆರಿಕದಲ್ಲಿ 6 ಲಕ್ಷಕ್ಕೂ ಹೆಚ್ಚು ಹೊಸ ವಾಸದ ಗಾಡಿಗಳು, ಅಂದರೆ ಆರ್‌ವಿಗಳು ಕಾರ್ಖಾನೆಯಿಂದ ಹೊರಬಿದ್ದವು. 2023ಕ್ಕೆ ಆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಕುಸಿಯಿತು. ಅವತ್ತು ಉತ್ಸಾಹದಲ್ಲಿ ಕೊಂಡವರು ಇವತ್ತು ನಿಮ್ಮ ಪಕ್ಕದಲ್ಲೇ ಮಾರಲು ನಿಂತಿದ್ದಾರೆ, ಅವರ ಗಾಡಿ ನಿಮ್ಮದಕ್ಕಿಂತ ಹೊಸದು.

ಹಾಗಾದರೆ ನಷ್ಟ ಎಷ್ಟು? ಹಾಕಿದ್ದು 1,42,000, ಬಂದ ಒಳ್ಳೆಯ ಬೆಲೆ 74,000. ನಡುವಿನ 68,000ವನ್ನು ತೊಂಬತ್ತಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ 708 ಡಾಲರ್ ಬಾಡಿಗೆ ಕೊಟ್ಟ ಹಾಗಾಯಿತು. ಡೀಸೆಲ್, ಟೈರು, ರಿಪೇರಿ ಬೇರೆ, ಒಪ್ಪುತ್ತೇನೆ. ಆದರೂ ಆ ದುಡ್ಡಿಗೆ ಫ್ರೀಮಾಂಟಿನಲ್ಲಿ ಒಂದು ಬೆಡ್‌ರೂಮಿನ ಮನೆಯ ಅರ್ಧ ಬಾಡಿಗೆಯೂ ಹುಟ್ಟುವುದಿಲ್ಲ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಒಟ್ಟಿಗೆ ಮಾರಬೇಕೋ ಬಿಡಿಸಿ ಮಾರಬೇಕೋ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಮಾಮೂಲಿ ಟ್ರಕ್ ಕ್ಯಾಂಪರಿನ ದೊಡ್ಡ ಅನುಕೂಲವೇ ಅದು, ನಾಲ್ಕು ಜಾಕ್ ಇಳಿಸಿ ಕ್ಯಾಂಪರನ್ನು ನಿಲ್ಲಿಸಿದರೆ ಕೆಳಗಿನಿಂದ ಟ್ರಕ್ ಹೊರಗೆ ಬರುತ್ತದೆ. ಟ್ರಕ್ ಒಬ್ಬ ರೈತನಿಗೆ, ಕ್ಯಾಂಪರ್ ಇನ್ನೊಬ್ಬರಿಗೆ. ನಿಮ್ಮದರಲ್ಲಿ ತೊಟ್ಟಿಯನ್ನೇ ತೆಗೆಸಿದ್ದೀರಿ. ಆ ಹಾಸಿನ ಅಳತೆಗೆ ಹೊಂದುವ ಹಾಗೆ ಕ್ಯಾಂಪರಿನ ಬುಡವನ್ನೂ ಮಾರ್ಪಾಡು ಮಾಡಿದ್ದರೆ ಎರಡೂ ಒಟ್ಟಿಗೆ ಹೋಗಬೇಕು. ಬುಡ ಮುಟ್ಟಿಲ್ಲವಾದರೆ ಎರಡು ಜಾಹೀರಾತು ಕೊಡಿ. ಹಾಸು, ಪೆಟ್ಟಿಗೆ ಇರುವ ಡೀಸೆಲ್ ಟ್ರಕ್ಕಿಗೆ ಕಟ್ಟಡ ಕೆಲಸದವರು ತಾವಾಗಿ ಬರುತ್ತಾರೆ, ಅವರಿಗೆ ಒಳಗಿನ ಅಲಮಾರಿನ ಗೊಡವೆಯೇ ಬೇಡ.

ತೂಕದ ವಿಷಯ ಮುಚ್ಚಿಡಬೇಡಿ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್ ನೋಡಿ, ಗಾಡಿ ಒಟ್ಟು ಎಷ್ಟು ತೂಗಬಹುದು ಎಂದು ಅಲ್ಲಿ ಬರೆದಿರುತ್ತದೆ. ಹಿಂದೆ ನಾಲ್ಕು ಚಕ್ರದ ಎಫ್-350ಗೆ ಅದು ಹೆಚ್ಚೆಂದರೆ 14,000 ಪೌಂಡ್. ಅಲ್ಯೂಮಿನಿಯಂ ಹಾಸು, ಪೆಟ್ಟಿಗೆ, ಬ್ಯಾಟರಿ, ತುಂಬಿದ ನೀರಿನ ತೊಟ್ಟಿ, ವರ್ಷಕ್ಕಾಗುವಷ್ಟು ಸೋನಾ ಮಸೂರಿ ಎಲ್ಲ ಸೇರಿಸಿದರೆ ನೀವು ಆ ಗೆರೆ ದಾಟಿರುವ ಸಾಧ್ಯತೆ ಹೆಚ್ಚು. ಹೆದ್ದಾರಿಯ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ ಹೋಗಿ ತೂಗಿಸಿ ಚೀಟಿ ಇಟ್ಟುಕೊಳ್ಳಿ, ಮುಂದಿನ ಅಚ್ಚು, ಹಿಂದಿನ ಅಚ್ಚು ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ. ತಿಳಿದವರು ಅದನ್ನೇ ಮೊದಲು ಕೇಳುವುದು. ಆಮೇಲೆ ಟೈರಿನ ಬದಿಯಲ್ಲಿರುವ ಕೊನೆಯ ನಾಲ್ಕು ಅಂಕಿ ನೋಡುತ್ತಾರೆ. 3519 ಎಂದಿದ್ದರೆ 2019ರ ಮೂವತ್ತೈದನೆಯ ವಾರದಲ್ಲಿ ಮಾಡಿದ ಟೈರು, ಗೆರೆ ಎಷ್ಟೇ ಚೆನ್ನಾಗಿದ್ದರೂ ಬದಲಾಯಿಸುವ ಖರ್ಚು ಲೆಕ್ಕಕ್ಕೆ ಬರುತ್ತದೆ. ಮೂರನೆಯದು ನೀರಿನ ಸೋರಿಕೆ. ಮಂಚದ ತಲೆಯ ಕಡೆ ಮೂಲೆಯಲ್ಲಿ ಪ್ಲೈವುಡ್ ಒತ್ತಿದರೆ ಬೆರಳು ಒಳಗೆ ಹೋಗುತ್ತದೆಯೇ ಎಂದು ನೀವೇ ಮೊದಲು ನೋಡಿ. ಸಂಶಯವಿದ್ದರೆ ಪರೀಕ್ಷಕರನ್ನು ಕರೆಸಿ ವರದಿ ಮಾಡಿಸಿ. ಅದರಲ್ಲಿ ಬಂದ ಕುಂದು ನಿಮ್ಮ ಬಾಯಿಂದಲೇ ಬರಲಿ. ಎಂಟು ವರ್ಷದ ರಿಪೇರಿ ರಸೀದಿಗಳನ್ನು ನಿಮ್ಮವರು ಖಂಡಿತ ಫೈಲ್ ಮಾಡಿಟ್ಟಿರುತ್ತಾರೆ, ಅಂಥವರು ಅವರು. ಆ ಫೈಲಿಗೆ 28,000ದ ಕೆಲಸಕ್ಕಿಂತ ಹೆಚ್ಚು ಬೆಲೆ ಇದೆ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಕ್ಯಾಂಪರಿಗೆ ಕೆಲವು ರಾಜ್ಯಗಳಲ್ಲಿ ಪ್ರತ್ಯೇಕ ಟೈಟಲ್, ಅಂದರೆ ಒಡೆತನದ ಪತ್ರ, ಇದೆ, ಕೆಲವು ಕಡೆ ಅದು ಟ್ರಕ್ಕಿನ ಮೇಲೆ ಹೇರಿದ ಸಾಮಾನು ಅಷ್ಟೇ. ಟೈಟಲ್ ಇಲ್ಲದಿದ್ದರೆ ಸೀರಿಯಲ್ ನಂಬರ್ ಬರೆದು ಕ್ರಯಪತ್ರ ಮಾಡಿ. 2011 ಮತ್ತು ನಂತರದ ಮಾದರಿಯ ಟ್ರಕ್ಕಿಗೆ ಇಪ್ಪತ್ತು ವರ್ಷದವರೆಗೂ ಮಾರುವವರೇ ಓಡೋಮೀಟರ್ ಅಂಕಿ ಬರೆದುಕೊಡಬೇಕೆಂಬ ಕೇಂದ್ರ ಕಾನೂನಿದೆ. ಗಾಡಿ ಕೊಟ್ಟ ದಿನವೇ ಮೋಟಾರು ಇಲಾಖೆಗೆ ‘ಮಾರಿದ್ದೇವೆ’ ಎಂದು ತಿಳಿಸಿ, ಅಲ್ಲಿಯವರೆಗೆ ವಿಮೆ ನಿಲ್ಲಿಸಬೇಡಿ. ಯಾರಾದರೂ ಗಾಡಿ ನೋಡದೆಯೇ ಕ್ಯಾಶಿಯರ್ಸ್ ಚೆಕ್ ಕಳಿಸುತ್ತೇನೆ, ಸ್ವಲ್ಪ ಹೆಚ್ಚೇ ಬರೆದಿದ್ದೇನೆ, ಉಳಿದದ್ದು ಸಾಗಣೆಯವನಿಗೆ ಕೊಡಿ ಎಂದರೆ ಫೋನ್ ಇಟ್ಟುಬಿಡಿ. ಅಸಲಿ ವ್ಯಾಪಾರ ಕೊಳ್ಳುವವರ ಬ್ಯಾಂಕಿನ ಕೌಂಟರಿನಲ್ಲಿ, ನಿಮ್ಮ ಕಣ್ಣೆದುರು ನಡೆಯಲಿ.

ಈಗ ಯಾವಾಗ, ಎಲ್ಲಿ ಎಂಬುದು. ನೀವು ಅರಿಝೋನಾದಲ್ಲೇ ಇದ್ದೀರಿ, ಇನ್ನೇನು ಬೇಕು! ಒಂದು ಚಳಿಗಾಲ ನಾನೂ ಆ ಕಡೆ ಕಳೆದವಳು. ಕ್ವಾರ್ಟ್‌ಸೈಟ್ ಎಂಬ ಆ ಚಿಕ್ಕ ಮರುಭೂಮಿ ಊರಿಗೆ ಜನವರಿಯಲ್ಲಿ ಗಾಡಿಯ ಮೇಲೆ ಗಾಡಿ ಬಂದು ಸೇರುವುದನ್ನು ನೋಡಿದರೆ ನಮ್ಮ ದನಗಳ ಜಾತ್ರೆಯೇ ನೆನಪಾಗುತ್ತದೆ. ಊರಿನ ಪಕ್ಕದ ಸರ್ಕಾರಿ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಋತುವಿನ ಪರವಾನಗಿ ಪಡೆದು ತಂಗಬಹುದು, ಜನವರಿಯಲ್ಲಿ ದೊಡ್ಡ ಡೇರೆ ಹಾಕಿ ಆರ್‌ವಿ ಮೇಳ ನಡೆಸುತ್ತಾರೆ. ಅಲ್ಲಿ ಅಡ್ಡಾಡುವವರಿಗೆ ಲಿಥಿಯಂ ಅಂದರೇನು, ಹಾಸು ಯಾಕೆ ಎಂದು ವಿವರಿಸಬೇಕಾಗಿಲ್ಲ, ತಾವೂ ಗಾಡಿಯಲ್ಲೇ ಬದುಕುವವರು ಅವರು. ಬಾಗಿಲ ಮೇಲೆ ‘ಮಾರಾಟಕ್ಕಿದೆ’ ಎಂದು ಬರೆದು, ಎರಡು ಕುರ್ಚಿ ಹಾಕಿಕೊಂಡು ಕೂತರೆ ಸಾಕು. ಬೆಲೆ 86,000 ಎಂದು ಬರೆಯಿರಿ, 76,000ಕ್ಕೆ ಇಳಿಯಲು ಈಗಲೇ ಇಬ್ಬರೂ ಒಪ್ಪಿಕೊಳ್ಳಿ. ಬಂದವರಿಗೆ ಒಳಗೆ ತೋರಿಸುವ ಕೆಲಸ ನಿಮ್ಮದು, ಇಂಜಿನ್ನು, ವೈರಿಂಗು ತೋರಿಸುವುದು ಯಜಮಾನರದು. ನಿಮ್ಮ ಅಡುಗೆಮನೆಯ ಬಗ್ಗೆ ಯಾರು ಏನು ಅಂದರೂ ಅದು ಅವರ ಕಿವಿಗೆ ಬೀಳದಿರಲಿ. ಸಂಕ್ರಾಂತಿಯೂ ಅಲ್ಲೇ ಆಗುತ್ತದೆ, ಸುತ್ತಲಿನವರಿಗೆ ಎಳ್ಳುಬೆಲ್ಲ ಹಂಚಿ. ಗಾಡಿಯ ಸುದ್ದಿ ತಾನಾಗಿ ಹರಡುತ್ತದೆ.

ಆದರೆ ಜನವರಿಗೆ ಮೊದಲು ಒಂದು ಕೆಲಸ ಮಾಡಿ. ಗಾಡಿಯನ್ನು ಒಂದು ತಿಂಗಳು ಸ್ಟೋರೇಜ್ ಅಂಗಳದಲ್ಲಿ ನಿಲ್ಲಿಸಿ, ಮಗಳ ಊರಿನಲ್ಲಿ ಸಾಮಾನು ಸಮೇತ ಸಿಗುವ ಚಿಕ್ಕ ಮನೆ ಬಾಡಿಗೆಗೆ ಹಿಡಿಯಿರಿ. ಮಗಳ ಮನೆಯಲ್ಲಿ ಬೇಡ, ಅಲ್ಲಿ ನೀವು ಅತಿಥಿಗಳಾಗುತ್ತೀರಿ, ಪರೀಕ್ಷೆ ಆಗುವುದಿಲ್ಲ. ನಿಮ್ಮವರಿಗೆ ಕೈಗೆ ಕೆಲಸ ಇಲ್ಲದೆ ನಾಲ್ಕನೆಯ ದಿನವೇ ತಲೆ ಕೆಡುತ್ತದೆ, ಆಗ ಆ ಮನೆಯ ಅಡುಗೆ ಕಟ್ಟೆಯ ಎತ್ತರ ಅಳೆಯಲು ಹೇಳಿ. ಅವರ ಗಾಡಿ ಕೆಲಸವನ್ನೆಲ್ಲ ಇಷ್ಟು ಅಕ್ಕರೆಯಿಂದ ಬರೆದ ನಿಮಗೆ ಗೊತ್ತಿರಲೇಬೇಕು, ಆ ಮನುಷ್ಯ ಎಂಟು ವರ್ಷ ಕಟ್ಟಿದ್ದು ನಿಮ್ಮ ಅಳತೆಗೆ. ಮುಂದೆ ಅಳೆಯಲು ಏನೂ ಉಳಿಯುವುದಿಲ್ಲವೇನೋ ಎಂಬ ಭಯ ಅವರಿಗಿದೆ ಎಂದು ನನ್ನ ಅನುಮಾನ. ತಿಂಗಳು ಕಳೆದ ಮೇಲೂ ಇಬ್ಬರಿಗೂ ಅಲ್ಲಿರಲು ಮನಸ್ಸಿಲ್ಲ ಎಂದಾದರೆ ಈ ವರ್ಷ ಮಾರಲೇಬೇಡಿ. ಹಗಲಲ್ಲಿ ಮಾತ್ರ ಓಡಿಸಿಕೊಂಡು, ಒಂದೇ ಕಡೆ ತಿಂಗಳುಗಟ್ಟಲೆ ಇರಬಹುದು. ಆದರೆ ಅದಕ್ಕೂ ಕಣ್ಣಿನ ಡಾಕ್ಟರು ಹ್ಞೂಂ ಅನ್ನಬೇಕು. ಆ ಒಂದು ವಿಷಯದಲ್ಲಿ ಯಜಮಾನರ ಮಾತನ್ನೂ ಕೇಳಬೇಡಿ, ನನ್ನ ಮಾತನ್ನೂ ಕೇಳಬೇಡಿ.

ಮಸಾಲೆ ಡ್ರಾಯರನ್ನು ಮಾತ್ರ ಹೊಸ ಜಾಹೀರಾತಿಗೆ ಫೋಟೋ ತೆಗೆಯುವ ಮೊದಲೇ ಬಿಚ್ಚಿ ಪಕ್ಕಕ್ಕಿಡಿ. ಫೋಟೋದಲ್ಲಿ ಕಂಡದ್ದೆಲ್ಲ ಗಾಡಿಯ ಜೊತೆಗೇ ಬರುತ್ತದೆ ಎಂದು ಕೊಳ್ಳುವವರು ಲೆಕ್ಕ ಹಿಡಿಯುತ್ತಾರೆ.